ಎಡಗಡೆಯ ಮೂರನೇ ದಾರ

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂದು ಯಾರಾದರೂ ಅಂದರೆ ದಾರದ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಣದೆ ಏನು ರೋಗ, ನೋಡಲು ಗೊತ್ತಿರುವವರಿಗೆ ಕಾಣುತ್ತದೆ ಎಂದು ರೇಗುತ್ತಿದ್ದ. ಸುಮ್ಮನೆ ಜಂಬ ಕೊಚ್ಚಿಕೊಳ್ಳುವ ಮನುಷ್ಯನೇನಲ್ಲ. ಹೆಂಡತಿ ಸ್ವೆಟರ್ ಹೆಣೆದು ಉಳಿಸಿದ ಉಲ್ಲನ್ ದಾರವನ್ನು ಬೆರಳುದ್ದ ಕತ್ತರಿಸಿ, ಕಾರಿನ ಬಾನೆಟ್ಟಿನ ಮೇಲೆ ಸಾಲಾಗಿ ಟೇಪಿನಿಂದ ಅಂಟಿಸಿ, ಯಾರನ್ನಾದರೂ ಓಡಿಸಲು ಕೂರಿಸಿ, ತಾನು ಪಕ್ಕದ ಸೀಟಿನಲ್ಲಿ ಕೂತು ಗಾಜಿನಾಚೆ ನೋಡುತ್ತಿದ್ದ. ಕಾರು ವೇಗ ಹಿಡಿದಾಗ ಕೆಲವು ದಾರಗಳು ತಗಡಿಗೆ ಅಂಟಿಕೊಂಡು ಹಿಂದಕ್ಕೆ ನೆಟ್ಟಗೆ ಮಲಗುತ್ತಿದ್ದವು, ಕೆಲವು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಮಲಗಿದ ಕಡೆ ಗಾಳಿ ಶಿಸ್ತಾಗಿ ಹರಿಯುತ್ತಿದೆ ಎಂದರ್ಥ. ಅಲ್ಲಿ ಬಾಯಿ ಕೊರೆದರೆ ಇಂಜಿನ್ನಿಗೆ ಹೊಟ್ಟೆ ತುಂಬ ತಣ್ಣನೆ ಗಾಳಿ. ಕುಣಿಯುವ ಕಡೆ ಗಾಳಿ ತನ್ನಲ್ಲೇ ಗಿರಗಿರ ಸುತ್ತುತ್ತಿರುತ್ತದೆ. ಅಲ್ಲಿ ಕೊರೆದರೆ ಒಳ್ಳೆಯ ತಗಡು ಹಾಳು. ಅವನ ವಿದ್ಯೆ ಇಷ್ಟೇ. ಈ ಇಷ್ಟರಲ್ಲೇ ಅವನು ಮೂವತ್ತು ವರ್ಷ ಸಂಸಾರ ಮಾಡಿದ್ದ.

ಅವನ ಷೆಡ್ಡು ಒಂದು ಮುದ್ರಣಾಲಯದ ಹಿಂದಿನ ಗಲ್ಲಿಯ ಕೊನೆಯಲ್ಲಿತ್ತು. ಹಗಲೆಲ್ಲ ಅಚ್ಚಿನ ಯಂತ್ರದ ಸದ್ದು ಗೋಡೆ ದಾಟಿ ಬರುತ್ತಿತ್ತು. ಹರೆಯದಲ್ಲಿ ಅವನು ಬಸ್ಸುಗಳ ಸೈಲೆನ್ಸರಿಗೆ ಬೆಸುಗೆ ಹಾಕುತ್ತಿದ್ದವನು. ಜನ ಹೊಗೆ ಹೋಗುವ ದಾರಿಗೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ, ಉಸಿರು ಬರುವ ದಾರಿ ಮಾತ್ರ ಯಾರಿಗೂ ಬೇಡ ಎಂದು ಅವನಿಗೆ ಒಂದು ದಿನ ಹೊಳೆಯಿತಂತೆ. ಇಂಜಿನ್ನು ತನ್ನದೇ ಬಿಸಿಯಲ್ಲಿ ಕೂತು ಬಿಸಿಗಾಳಿ ಎಳೆದುಕೊಂಡರೆ ಅದರ ಕಸುವೆಲ್ಲ ಸೋರಿಹೋಗುತ್ತದೆ. ತಣ್ಣನೆಯ ಗಾಳಿ ದಟ್ಟವಾಗಿ ಮೈತುಂಬಿಕೊಂಡಿರುತ್ತದೆ, ಅದು ಹೊರಗಿನಿಂದಲೇ ಬರಬೇಕು. ಇದನ್ನು ಅವನು ಷೆಡ್ಡಿಗೆ ಬಂದವರಿಗೆಲ್ಲ ಹೇಳಿ ಹೇಳಿ, ವೇಗದ ಕಾರಿನ ಹುಚ್ಚಿರುವವರೆಲ್ಲ ಅವನನ್ನು ಹುಡುಕಿಕೊಂಡು ಬರುವಂತಾಯಿತು.

ಒಬ್ಬಳೇ ಮಗಳು. ಓದು ಮುಗಿಸಿ, ಒಂದು ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಅಪ್ಪನ ಷೆಡ್ಡಿಗೇ ಬಂದು ಸೇರಿದವಳು. ಕಾರಿನ ಕಂಪ್ಯೂಟರಿಗೆ ತಂತಿ ಚುಚ್ಚಿ ಇಂಜಿನ್ನು ಎಷ್ಟು ಬಿಸಿಯ ಗಾಳಿ ಕುಡಿಯುತ್ತಿದೆ, ಎಷ್ಟು ಪೆಟ್ರೋಲು ಕುಡಿಯುತ್ತಿದೆ ಎಂದೆಲ್ಲ ಅವಳು ಓದುತ್ತಿದ್ದಳು. ದಾರ ಓದುವುದನ್ನು ಕಲಿಸು ಎಂದು ಹದಿನಾರನೇ ವಯಸ್ಸಿನಿಂದ ಅಪ್ಪನ ಬೆನ್ನು ಬಿದ್ದಿದ್ದಳು. ಅದು ಹೇಳಿಕೊಟ್ಟರೆ ಬರುವುದಲ್ಲ ಎಂದು ಮೇಸ್ತ್ರಿ ಪ್ರತಿ ಸಲವೂ ಜಾರಿಕೊಳ್ಳುತ್ತಿದ್ದ. ಹಸಿ ಸುಳ್ಳು. ಹೇಳಿಕೊಟ್ಟರೆ ಅರ್ಧ ದಿನದಲ್ಲಿ ಬರುವ ವಿದ್ಯೆ ಅದು. ಬಂದುಬಿಟ್ಟರೆ ತನ್ನ ಹತ್ತಿರ ಏನು ಉಳಿಯುತ್ತದೆ ಎಂಬ ಹೆದರಿಕೆ ಅವನಿಗೆ. ಈ ಹೆದರಿಕೆಯನ್ನು ಅವನು ಹೆಂಡತಿಗೂ ಹೇಳಿಕೊಂಡಿರಲಿಲ್ಲ, ಅವಳಿಗೆ ಗೊತ್ತಿತ್ತು ಎನ್ನುವುದು ಬೇರೆ ಮಾತು.

ಹೋದ ವರ್ಷ ಒಂದು ಬೆಳಿಗ್ಗೆ ಅವನು ಬಾನೆಟ್ಟಿನ ಮೇಲಿನ ದಾರವನ್ನು ನೋಡಿದ, ದಾರ ಇರಲಿಲ್ಲ. ಪಕ್ಕಕ್ಕೆ ಕಣ್ಣು ಹೊರಳಿಸಿದ, ದಾರ ಇತ್ತು. ಮತ್ತೆ ಅದನ್ನೇ ನೋಡಿದ, ಮತ್ತೆ ಮಾಯ. ಯಾವುದನ್ನು ನೋಡಬೇಕೋ ಅದರ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಂಥ ಬೂದು ಕಲೆ. ಹೆಂಡತಿ ಎಳೆದುಕೊಂಡು ಹೋಗಿ ಕಣ್ಣಿನ ಆಸ್ಪತ್ರೆಯಲ್ಲಿ ಕೂರಿಸಿದಳು.

"ನಡುವಿನ ನೋಟ ಹೋಗ್ತಾ ಇದೆ," ಎಂದರು ಅಲ್ಲಿಯ ಡಾಕ್ಟರಮ್ಮ. "ಅಂಚಿನದು ಉಳಿಯತ್ತೆ. ಗೋಡೆಗೆ ಡಿಕ್ಕಿ ಹೊಡೆಯಲ್ಲ ನೀವು. ಆದ್ರೆ ಸಣ್ಣ ಕೆಲಸ ಇನ್ನು ಕಷ್ಟ."

ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹೆಂಡತಿ, "ಮಗಳಿಗೆ ಹೇಳಿಬಿಡಿ, ರೀ," ಎಂದಳು.

"ಹೇಳ್ತೀನಿ ಕಣೇ. ಕೈಯಲ್ಲಿರೋ ಕೆಲಸ ಒಂದು ಮುಗೀಲಿ."

ಆ ಕೆಲಸ ಮುಗಿಯಿತು, ಇನ್ನೊಂದು ಬಂತು. ಹೇಳುವ ಬದಲು ಅವನು ಒಂದು ಉಪಾಯ ಕಂಡುಕೊಂಡ. ಮಗಳು ಕಾರು ಓಡಿಸುತ್ತಿದ್ದಾಗ ಮಡಿಲಲ್ಲಿ ನೋಟ್‌ಬುಕ್ಕು ಬಿಚ್ಚಿ, ಮೇಷ್ಟರ ಗತ್ತಿನಲ್ಲಿ, "ಬಲಗಡೆ ಎರಡನೇದು ಏನು ಮಾಡ್ತಿದೆ, ಹೇಳು ನೋಡೋಣ," ಎಂದ.

"ನನ್ನನ್ನ ಕೇಳ್ತಿದೀಯಾ?"

"ಮತ್ತಿನ್ಯಾರನ್ನ, ಸ್ಟೇರಿಂಗನ್ನಾ?"

"ಮಲಗಿದೆ ಅಪ್ಪ. ತುದಿ ಮಾತ್ರ ಸ್ವಲ್ಪ ನಡುಗ್ತಿದೆ."

ಮೇಸ್ತ್ರಿ ಗಾಜಿನಾಚೆ ಒಂದು ಕ್ಷಣ ದಿಟ್ಟಿಸಿದಂತೆ ಮಾಡಿ, ತಲೆಯಾಡಿಸಿ, ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡ. ಆ ಸಂಜೆ ಅವಳು ಅಡುಗೆಮನೆಗೆ ಓಡಿಹೋಗಿ, "ಅಮ್ಮಾ, ಅಪ್ಪ ಕೊನೆಗೂ ನಂಗೆ ಕಲಿಸ್ತಿದಾನೆ!" ಎಂದು ಕೂಗಿದ್ದು ಅವನಿಗೆ ಹಜಾರದಲ್ಲಿ ಕೂತಲ್ಲಿಗೇ ಕೇಳಿಸಿತು. ಪಾತ್ರೆ ತೊಳೆಯುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಆಮೇಲಿನ ವರ್ಷ ಅಪ್ಪ-ಮಗಳ ನಡುವೆ ಹಿಂದೆಂದೂ ಇಲ್ಲದಷ್ಟು ಸಲಿಗೆ ಬೆಳೆಯಿತು. ಕೆಲಸಕ್ಕೆ ಹೊರಡುವಾಗ ಅವಳು ಹಾಡು ಗುನುಗುತ್ತಿದ್ದಳು. ತನ್ನ ಉತ್ತರಗಳನ್ನು ತನ್ನದೇ ಒಂದು ಪುಸ್ತಕದಲ್ಲಿ ಬರೆದು, ಅಪ್ಪ ತಲೆಯಾಡಿಸಿದ್ದಕ್ಕೆಲ್ಲ ಸರಿ ಗುರುತು ಹಾಕಿಕೊಳ್ಳುತ್ತಿದ್ದಳು. ಅವಳು ಆ ಪುಸ್ತಕ ತೆರೆದರೆ ಮೇಸ್ತ್ರಿ ಎದ್ದು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದ. ಕಣ್ಣು ಹೋದದ್ದನ್ನು ಯಾವತ್ತಾದರೂ ಹೇಳಲೇಬೇಕು, ಅದನ್ನು ಅವಳು ತಾಳಿಕೊಂಡಾಳು. ಆದರೆ ಅಪ್ಪ ನನ್ನನ್ನು ಕೂರಿಸಿಕೊಂಡು ಕಲಿಸಿದ ಎಂದು ಅವಳು ಹಿಗ್ಗಿದ ಈ ವರ್ಷ? ನಿಜ ಹೇಳಿದರೆ ಅದು ಅವಳ ಕೈಯಿಂದ ಹೋಗುತ್ತದೆ. ಅದನ್ನು ಕಸಿದುಕೊಳ್ಳಲು ಅವನಿಗೆ ಧೈರ್ಯ ಸಾಲದು. ಹೀಗೆ ದಿನ ತಳ್ಳಿದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ತಮ್ಮ ಎರಡು ಬಾಗಿಲಿನ ಕಾರನ್ನು ತಂದರು. ವಾರವೆಲ್ಲ ಪರರ ದವಡೆಯಲ್ಲಿ ಕಳೆದು, ರಜೆಯ ದಿನ ರೇಸಿನ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವುದು ಅವರ ಒಂದೇ ಚಟ.

"ಮೊದಲೆರಡು ಸುತ್ತು ಕುದುರೆ, ಮೂರನೇ ಸುತ್ತಿಗೆ ಕತ್ತೆ," ಎಂದರು. "ದಿನಾ ನಾನು ಜನರ ಬಾಯಿ ತೆಗೆಸ್ತೀನಿ ಮೇಸ್ತ್ರಿ, ನೀವು ಇದರ ಬಾಯಿ ತೆಗೀರಿ."

ರೋಗ ಮೇಸ್ತ್ರಿಗೆ ಕೂಡಲೇ ಗೊತ್ತಾಯಿತು. ಯಾರೋ ಗಾಳಿ ಸೋಸುವ ಫಿಲ್ಟರಿನ ಮೂಲ ಪೆಟ್ಟಿಗೆಯನ್ನು ಕಿತ್ತೆಸೆದು, ದೊಡ್ಡದೊಂದು ಫಿಲ್ಟರನ್ನು ಇಂಜಿನ್ನಿನ ಎಡಕ್ಕೆ ಬೋಳಾಗಿ ನಿಲ್ಲಿಸಿದ್ದರು. ಸದ್ದೇನೋ ಸಿಂಹದ್ದು, ಕುಡಿಯುತ್ತಿದ್ದುದು ಮಾತ್ರ ಕುದಿಯುವ ಗಾಳಿ. ಮೇಸ್ತ್ರಿ ಅಲ್ಯೂಮಿನಿಯಂ ತಗಡು ಮಡಿಸಿ ಫಿಲ್ಟರಿನ ಸುತ್ತ ಪೆಟ್ಟಿಗೆ ಕಟ್ಟಿದ. ಅದರ ಅಂಚಿಗೆ ಸ್ಪಂಜಿನ ಪಟ್ಟಿ ಅಂಟಿಸಿದ, ಬಾನೆಟ್ಟು ಮುಚ್ಚಿದರೆ ಒತ್ತಿಕೊಂಡು ಬಿಸಿಗಾಳಿಗೆ ದಾರಿಯಿಲ್ಲದಂತೆ. ಈ ಕೆಲಸಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕಿತ್ತು. ಇನ್ನು ಪೆಟ್ಟಿಗೆಗೆ ಹೊರಗಿನ ಗಾಳಿ ತರಬೇಕು. ಬಂಪರಿನ ಹಿಂದೆ ರೇಡಿಯೇಟರು ಕೂತು ಪೈಪು ತೂರಿಸಲು ಜಾಗವಿರಲಿಲ್ಲ. ಬಾನೆಟ್ಟನ್ನೇ ಕೊರೆಯಬೇಕು.

ಮುಚ್ಚಿಹೋದ ಗೋದಾಮುಗಳ ಹಿಂದಿನ ನೇರ ರಸ್ತೆಗೆ ಕಾರು ಒಯ್ದರು. ಎಡಕ್ಕೆ ಆರು ದಾರ, ಬಲಕ್ಕೆ ಆರು. ಮಗಳು ವೇಗ ಹಿಡಿದಳು. ಬಲಗಡೆಯದನ್ನೆಲ್ಲ ಪಟಪಟನೆ ಹೇಳಿದಳು. ಪೆಟ್ಟಿಗೆ ಇದ್ದದ್ದು ಎಡಗಡೆ, ಮೂರನೇ ದಾರದ ನೇರ ಕೆಳಗೆ.

"ಎಡಗಡೆ ಮೂರನೇದು?"

ಉತ್ತರ ಒಂದು ಗಳಿಗೆ ತಡವಾಯಿತು. ಹಿಂದಿನಿಂದ ಯಾವುದೋ ದೊಡ್ಡ ಗಾಡಿಯ ಹಾರ್ನು ಕೇಳಿಸಿತು.

"ಮಲಗಿದೆ," ಎಂದಳು.

ಆ ದಾರ ಮೇಸ್ತ್ರಿಯ ಮೂಗಿನೆದುರೇ ಇತ್ತು, ಅವನ ಪಾಲಿಗೆ ಬೂದು ಕಲೆಯೊಳಗೆ ಇತ್ತು. ಅವನು ತಲೆಯಾಡಿಸಿ ಬರೆದುಕೊಂಡ. ಮರುದಿನ ಮಗಳು ಅಲ್ಲಿ ಮೂಲೆಗೊಂದು ತೂತು ಕೊರೆದು, ಗರಗಸದಿಂದ ತಗಡು ಬಿಡಿಸಿದಳು. ಅವನು ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಗಾಳಿಗೆ ಮುಖ ಮಾಡಿದ ಚಿಕ್ಕ ಗೂಡನ್ನು ಮೇಲೆ ಕೂರಿಸಿದ.

ಟ್ರ್ಯಾಕಿನಲ್ಲಿ ಡಾಕ್ಟರು ಮೂರು ಸುತ್ತು ಹೊಡೆದು ಬಂದರು. ಹೊರಗಿನ ಗಾಳಿ ಇಪ್ಪತ್ತನಾಲ್ಕು ಡಿಗ್ರಿ. ಬಾನೆಟ್ಟು ಕೊರೆಯುವ ಮೊದಲು ಮೂರನೇ ಸುತ್ತಿನಲ್ಲಿ ಇಂಜಿನ್ನು ಎಳೆದುಕೊಳ್ಳುತ್ತಿದ್ದುದು ಐವತ್ತೆರಡರ ಗಾಳಿ. ಮಗಳು ಲ್ಯಾಪ್‌ಟಾಪ್ ನೋಡಿದಳು. ಮತ್ತೊಮ್ಮೆ ನೋಡಿ, "ಐವತ್ತೊಂದು," ಎಂದಳು.

"ಒಂದು ಡಿಗ್ರಿ ಇಳಿಸೋಕೆ ಬಾನೆಟ್ಟಿಗೆ ತೂತು ಹೊಡೆದ್ರಾ ಮೇಸ್ತ್ರಿ?" ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ. "ಹುಳುಕು ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತಂಗಾಯ್ತು."

ಮೇಸ್ತ್ರಿ ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಬಂದಳು. "ತಪ್ಪು ನಂದು ಡಾಕ್ಟ್ರೇ. ಆವತ್ತು ದಾರ ನೋಡಿದ್ದು ನಾನು."

"ನಿಮ್ಮಪ್ಪ ಪಕ್ಕದಲ್ಲೇ ಇದ್ರಲ್ಲಮ್ಮ?"

"ಇದ್ರು. ನಂಗೆ ಕಲಿಸ್ತಾ ಇದ್ರು."

ಆಗಲೇ ಹೇಳಬೇಕಿತ್ತು. ಹೇಳಲು ಇದಕ್ಕಿಂತ ಸರಿಯಾದ ಹೊತ್ತು ಬೇರೆ ಇರಲಿಲ್ಲ. ಮೇಸ್ತ್ರಿ ನೆಲ ನೋಡುತ್ತ ನಿಂತ, ತನ್ನ ಪಾಲಿನ ಬೈಗುಳವನ್ನು ಮಗಳು ತಿನ್ನಲು ಬಿಟ್ಟ. ಡಾಕ್ಟರು, ಬೇರೆ ಬಾನೆಟ್ಟು ಸಿಕ್ಕಿದ ಮೇಲೆ ಹೇಳಿ ಎಂದು ಕಾರನ್ನು ಅವರ ಕೈಗೇ ಬಿಟ್ಟು, ಗೆಳೆಯರ ಕಾರು ಹತ್ತಿ ಹೋದರು. ಅವನನ್ನು ನಾಚಿಕೆಗೇಡಿ ಎಂದು ಯಾರೂ ಅನ್ನಲಿಲ್ಲ, ಅವನೇ ಅಂದುಕೊಂಡ.

ಮರುದಿನ ಬೆಳಿಗ್ಗೆ ಅವನು ಷೆಡ್ಡಿಗೆ ಬರುವಷ್ಟರಲ್ಲಿ ಮಗಳು ಗೂಡನ್ನು ಬಿಚ್ಚಿ, ತೂತಿನ ಮೇಲೆ ಅಗಲವಾದ ಟೇಪು ಹೊದಿಸಿ, ದಾರಗಳನ್ನೆಲ್ಲ ಹೊಸದಾಗಿ ಅಂಟಿಸಿದ್ದಳು. ಅವನ ಕೈ ಹಿಡಿದು ಬಾನೆಟ್ಟಿನ ಮುಂದಿನ ಅಂಚಿನ ಮೇಲೆ ಇಟ್ಟು, "ಇಲ್ಲಿ ಮುಟ್ಟು," ಎಂದಳು. ಯಾವ ಕಾಲದಲ್ಲೋ ಗುದ್ದಿ ರಿಪೇರಿ ಮಾಡಿದ ಎಡಗಡೆಯ ಅಂಚು ಎರಡು ನಾಣ್ಯದ ದಪ್ಪದಷ್ಟು ಮೇಲೆದ್ದು ನಿಂತಿತ್ತು. ಅದಕ್ಕೆ ಎಡವಿದ ಗಾಳಿ ಹಿಂದೆ ಮುಗ್ಗರಿಸದೆ ಇನ್ನೇನು ಮಾಡೀತು. ಬಲಗಡೆ ಆ ಉಬ್ಬು ಇರಲಿಲ್ಲ.

ಗೋದಾಮಿನ ರಸ್ತೆಗೇ ಹೋದರು. ಮಗಳು ವೇಗ ಹಿಡಿದು, ಮುಂದೆ ನೋಡುತ್ತಲೇ, "ಎಡಗಡೆ ಮೂರನೇದು ಕುಣೀತಿದೆ ಅಪ್ಪ," ಎಂದಳು.

"ಹೂಂ."

"ಆವತ್ತೂ ಕುಣಿದಿರಬೇಕು. ನಾನು ನೋಡಲಿಲ್ಲ. ಹಿಂದೆ ಟ್ಯಾಂಕರ್ ಬರ್ತಿತ್ತು, ಕನ್ನಡಿ ನೋಡ್ತಿದ್ದೆ. ಬಲಗಡೇದು ಮಲಗಿತ್ತಲ್ಲ, ಇದೂ ಹಾಗೇ ಇರತ್ತೆ ಅಂತ ಅಂದಾಜಲ್ಲಿ ಹೇಳಿಬಿಟ್ಟೆ. ತಪ್ಪಿದ್ರೆ ನೀನು ಬೈತೀಯ ಅಂದ್ಕೊಂಡೆ."

ಮೇಸ್ತ್ರಿ ನೋಟ್‌ಬುಕ್ಕಿನ ಹಾಳೆ ತಿರುವಿದ.

"ನೀನು ಬೈಲಿಲ್ಲ. ತಲೆ ಆಡಿಸಿದೆ. ರಾತ್ರಿಯೆಲ್ಲ ಅದೇ ಯೋಚನೆ ನಂಗೆ." ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ಈಗ ನಾಲ್ಕನೇದು ಏನು ಮಾಡ್ತಿದೆ ಹೇಳು," ಎಂದಳು.

ಅವನು ಕಣ್ಣನ್ನು ಓರೆ ಮಾಡಿದ, ಹಿಗ್ಗಿಸಿದ, ಕಿರಿದು ಮಾಡಿದ. ಮೂರನೇದು ಕುಣಿಯುತ್ತಿದ್ದರೆ ಅದರ ಬೆನ್ನಿಗಿರುವ ನಾಲ್ಕನೇದೂ ಕುಣಿಯಲೇಬೇಕು ಎಂದು ಮೂವತ್ತು ವರ್ಷದ ಅನುಭವವನ್ನು ನೆಚ್ಚಿ, "ಅದೂ ಕುಣೀತಿದೆ," ಎಂದ.

ಕಾರು ನಿಧಾನವಾಯಿತು. ರಸ್ತೆ ಬದಿಗೆ ಬಂದು ನಿಂತಿತು.

"ನಾಲ್ಕನೇದು ಆಗಲೇ ಕಿತ್ತು ಹಾರಿಹೋಯ್ತು ಅಪ್ಪ."

ಇಂಜಿನ್ನು ಆರಿಸಿದ ಮೇಲೂ ಫ್ಯಾನು ಒಂದೇ ಸಮನೆ ತಿರುಗುತ್ತಿತ್ತು. ಮೇಸ್ತ್ರಿ ಆಸ್ಪತ್ರೆಯ ವಿಷಯ ಹೇಳಿದ. ಅಮ್ಮನಿಗೆ ಗೊತ್ತು ಎಂದೂ ಹೇಳಿದ.

"ಯಾವಾಗಿಂದ?"

"ಒಂದು ವರ್ಷ ಆಯ್ತು."

"ಅಂದ್ರೆ ನಂಗೆ ಕಲಿಸೋಕೆ ಶುರು ಮಾಡಿದಾಗಿಂದ."

ಅವನು ಮಡಿಲಲ್ಲಿದ್ದ ನೋಟ್‌ಬುಕ್ಕನ್ನು ಮುಚ್ಚಿದ.

"ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಿದ್ದೆಯಲ್ಲ ಅಪ್ಪ. ಅದು ಸರಿ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಒಂದು ಸಲಾನೂ?"

ಇಲ್ಲೊಂದು ಸಣ್ಣ ಸುಳ್ಳು ಹೇಳಬಹುದಿತ್ತು. ಮೊದಮೊದಲು ಕಾಣುತ್ತಿತ್ತು ಎಂದರೆ ಆ ವರ್ಷದಲ್ಲಿ ಅರ್ಧವಾದರೂ ಉಳಿಯುತ್ತಿತ್ತು ಅವಳಿಗೆ. ಆದರೆ ಡಾಕ್ಟರೆದುರು ನೆಲ ನೋಡುತ್ತ ನಿಂತದ್ದು ಅವನಿಗೆ ಇನ್ನೂ ಅರಗಿರಲಿಲ್ಲ.

"ಒಂದು ಸಲಾನೂ ಇಲ್ಲಮ್ಮ."

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕನ್ನಡಿ ನೋಡಿ, ಕಾರು ತಿರುಗಿಸಿ, ನಿಧಾನಕ್ಕೆ ಗಲ್ಲಿಗೆ ತಂದಳು. ಇಳಿದು ಸುತ್ತಿಕೊಂಡು ಬಂದು ಅವನ ಕಡೆಯ ಬಾಗಿಲು ತೆರೆದು, ತೋಳು ಹಿಡಿದು ಇಳಿಸಿದಳು. ಷೆಡ್ಡಿನ ಬಾಗಿಲಲ್ಲಿ, "ಮೆಟ್ಟಿಲಿದೆ, ಹುಷಾರು," ಎಂದಳು.

ಆ ಮೆಟ್ಟಿಲಿಗೆ ಸಿಮೆಂಟು ಹಾಕಿದವನೇ ಅವನು. ಕಣ್ಣಂಚಿನಲ್ಲಿ ಅದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಕಾಣುತ್ತಿದೆ ಎಂದು ಹೇಳಿದರೂ ಇನ್ನು ಅವಳು ನಂಬಲಾರಳು ಎಂದು ಗೊತ್ತಾಗಿ, ಅವಳು ಹೇಳಿದಂತೆ ಕಾಲೆತ್ತಿ ಇಟ್ಟ.