ಆರದ ಹಸಿರು ದೀಪ

ಪತ್ರಿಕೆಗೆ ನಾನು ಹೊಗಳಿ ಬರೆಯಬೇಕಾದ ವಿಜ್ಞಾನಿಯೊಬ್ಬರು ಓದಲು ಕಳಿಸಿದ ಲೆಕ್ಕದಲ್ಲಿ ನನಗೊಂದು ತಪ್ಪು ಕಂಡಿದೆ. ಎರಡು ದಿನದಿಂದ ಅದನ್ನು ಡೈರಿಗೆ ಮಾತ್ರ ಹೇಳಿದ್ದೇನೆ. ತಪ್ಪು ನನ್ನದೇ ಆಗಿದ್ದರೆ?

ಚಳಿಗಾಲದ ಸಾಸ್ಕಟೂನಿನಲ್ಲಿ ಬೆಳಗಿನ ಎಂಟೂವರೆಯಾದರೂ ಇನ್ನೂ ಬೆಳಕು ಹರಿದಿಲ್ಲ. ಜೀವಶಾಸ್ತ್ರ ಕಟ್ಟಡದ ನೆಲಮಾಳಿಗೆಯಲ್ಲಿ ಓರ್ವಿಲ್ ಫ್ರೀಸನ್ ಕೋಟು, ಟೊಪ್ಪಿ ಸಮೇತ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಬೆಚ್ಚಗಿನ ಕೋಣೆಯೇನೋ ಪಕ್ಕದಲ್ಲೇ ಇದೆ, ಅದು ಬ್ಯಾಕ್ಟೀರಿಯಾಗಳಿಗೆ. “ಅವು ದುಡಿಯೋವು. ನಾನು ಬರೀ ಲೆಕ್ಕ ಹಾಕೋನು,” ಎಂದು ಪೆರೋಗಿ ಎಂಬ ತಣ್ಣಗಿನ ಆಲೂಗಡ್ಡೆ ಕಡುಬನ್ನು ಬಾಯಿಗಿಡುತ್ತಾರೆ.

ಜೀವಕೋಶ ಒಂದು ಜೀನನ್ನು ಯಾವಾಗ ಆನ್ ಮಾಡುತ್ತದೆ, ಯಾವಾಗ ಆಫ್ ಮಾಡುತ್ತದೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು ಇವರ ಕೆಲಸ. ಮೊದಲು ಮಂಜಿನ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಅಂಗಳದಲ್ಲಿ ಮಂಜುಗಡ್ಡೆ ಕರಗದಂತೆ ಕಾಯುವ ಯಂತ್ರಗಳಿಗೆ ಲೆಕ್ಕ ಬರೆಯುತ್ತಿದ್ದರು. “ಅಲ್ಲೂ ಇದೇ ಆನ್, ಆಫ್. ಮಂಜುಗಡ್ಡೆ ಮರಿ ಹಾಕ್ತಿರಲಿಲ್ಲ, ಅಷ್ಟೇ.”

ಇಲ್ಲಿನ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಕ್ಕರೆ ಜೀನ್ ಆನ್ ಆಗಿ ಹಸಿರಾಗಿ ಹೊಳೆಯುತ್ತದೆ. ಆನ್ ಆದದ್ದು ಇನ್ನಷ್ಟು ಸಕ್ಕರೆ ಒಳಗೆಳೆಯುತ್ತದೆ. “ನಮ್ಮ ಭಾವಮೈದ ಗಾರ್ಡಿ ನಮ್ಮನೆ ಟೀವೀಲಿ ಹಾಕಿ ಮ್ಯಾಚ್ ನೋಡೋಕೆ ಬಂದ ಹಾಗೆ ಕಣಮ್ಮಾ. ಅವನಿಗೆ ಬಾಗಿಲು ತೆಗೆಯೋದು ನಾನು, ಆಮೇಲೆ ಊರಿಗೆಲ್ಲಾ ತೆಗೆಯೋದು ಅವನೇ!”

ಆದರೆ ಹೋದ ತಿಂಗಳು ಓರ್ವಿಲ್ ಲೆಕ್ಕವನ್ನು ಒಪ್ಪ ಮಾಡಿ ಚಿಕ್ಕದಾಗಿಸಿದ್ದಾರೆ. ಅಂದಿನಿಂದ ಸಕ್ಕರೆ ತೆಗೆದರೂ ಅವರ ಪರದೆಯ ಮೇಲಿನ ಲೆಕ್ಕದ ಬ್ಯಾಕ್ಟೀರಿಯಾಗಳ ಹಸಿರು ಆರುತ್ತಿಲ್ಲ. “ಬಿಯರ್ ಮುಗಿದಿದೆ, ಗಾರ್ಡಿ ಮಾತ್ರ ಸೋಫಾ ಬಿಡ್ತಿಲ್ಲ.”

ಪ್ರಯೋಗಾಲಯದ ಮುಖ್ಯಸ್ಥೆ ಮಾರ್ಲೀನ್ ಕೊವಾಲ್ಚುಕ್ ಕಾಫಿ ಹಿಡಿದು ಇಣುಕುತ್ತಾರೆ. “ಓರ್ವಿಲ್, ನನ್ನ ಬ್ಯಾಕ್ಟೀರಿಯಾ ರಾತ್ರಿಯೇ ಆರಿ ಮಲಗಿದ್ವು. ನಿಮ್ಮವಕ್ಕೆ ನಿದ್ದೆ ಬರಲ್ವಾ?”

“ನಿಮ್ಮವು ಸಮೀಕರಣ ಓದಿಲ್ಲ ಮಾರ್ಲೀನ್, ಅದೇ ತೊಂದರೆ.”

“ನಗಿಸಬೇಡಿ. ಹತ್ತು ಗಂಟೆಯ ಸಭೆಗೆ ಮುಂಚೆ ಸರಿಹೋಗದಿದ್ರೆ ಪ್ರಬಂಧದಿಂದ ನಿಮ್ಮ ಭಾಗ ಕಿತ್ತು ಹಾಕ್ತೀನಿ. ನಿಮ್ಮ ಹೆಸರೂ ಹೋಗುತ್ತೆ.” ದನಿಯಲ್ಲಿ ಸಿಟ್ಟಿಲ್ಲ, ಬೇಜಾರಿದೆ. ಆಕೆ ಹೋದ ಮೇಲೆ ಓರ್ವಿಲ್ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

“ಹೊಸ ಲೆಕ್ಕ ಯಾರಿಗೂ ತೋರಿಸಲಿಲ್ವಾ?” ಎಂದು ಕೇಳುತ್ತೇನೆ.

“ಎಲ್ಲರಿಗೂ ಕಳಿಸ್ದೆ. ಎಲ್ಲರೂ ‘ಅದ್ಭುತ’ ಅಂದ್ರು. ಒಬ್ಬರು ನಾನು ಕಳಿಸೋಕೆ ಮುಂಚೆನೇ ಅಂದ್ರು!” ನಗುತ್ತಾರೆ, ನಗು ಬೇಗ ಮುಗಿಯುತ್ತದೆ.

ಇಂಥ ಬರಹಗಳ ಕೊನೆಗೆ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ: ನಿಮ್ಮ ಆಸೆ ಏನು?

“ಬಹುಮಾನ ಗಿಹುಮಾನ ಬೇಡಮ್ಮಾ. ‘ಓರ್ವಿಲ್, ಇಲ್ಲಿ ತಪ್ಪಿದ್ದೀಯ’ ಅಂತ ಒಬ್ಬರು ಹೇಳಲಿ. ಓದಿದ್ದಾರೆ ಅಂತಾದ್ರೂ ಗೊತ್ತಾಗುತ್ತೆ.”

ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿದೆ. ಡೈರಿ ಮುಚ್ಚಿ ಹೇಳಿಬಿಡುತ್ತೇನೆ:

“ಓರ್ವಿಲ್, ನಿಮ್ಮ ಮೂರನೇ ಸಮೀಕರಣದಲ್ಲಿ ಜೀವಕೋಶ ಬೆಳೆದು ಎರಡಾಗೋದೇ ಬಿಟ್ಟುಹೋಗಿದೆ. ಎರಡಾದ ಹಾಗೆಲ್ಲಾ ಹಸಿರೂ ಹಂಚಿಹೋಗಿ ಮಂಕಾಗಬೇಕಲ್ವಾ? ನಿಮ್ಮವು ಮಂಜುಗಡ್ಡೆ ಥರ, ಮರಿನೇ ಹಾಕ್ತಿಲ್ಲ.”