ರಿವೈಂಡ್ ಮಾಡದ ಟೇಪು

1998ರಲ್ಲಿ ನಾನು ಡಚ್ ನಗರ ಐಂಡ್‌ಹೋವನ್‌ನ ಲ್ಯಾಬೊಂದರಲ್ಲಿ ಸೌಂಡ್ ಎಂಜಿನಿಯರ್. ಹಳೆಯ ಸ್ಪೂಲ್ ಟೇಪುಗಳನ್ನು ಸಿ.ಡಿ.ಗೆ ಇಳಿಸುವುದು ನನ್ನ ಕೆಲಸ. ಆ ವರ್ಷ ಒಬ್ಬ ಜರ್ಮನ್ ತತ್ತ್ವಜ್ಞಾನಿಯ ಉಪನ್ಯಾಸಗಳು ಬಂದವು. ನಾಜಿಗಳು ಅವರ ಹಸ್ತಪ್ರತಿಗಳನ್ನೆಲ್ಲ ಸುಟ್ಟಿದ್ದರು. ಡೆಲ್ಫ್ಟ್‌ಗೆ ಓಡಿಬಂದ ಮನುಷ್ಯ ಮತ್ತೆ ಪೆನ್ನು ಹಿಡಿಯಲಿಲ್ಲ. ಸಾಯುವ ತನಕ ಬರೀ ಮಾತಾಡಿದರು.

ಆ ಮಾತು ಉಳಿದದ್ದು ಅವರ ಶಿಷ್ಯೆ, ವಿದ್ವಾಂಸೆ ಮರೈಕೆಯವರಿಂದ. ವಾರವಾರವೂ ರೆಕಾರ್ಡ್ ಮಾಡಿ, ಪದ ಬಿಡದೆ ಬರೆದಿಳಿಸಿದ್ದರು. ಗುರು ತೀರಿಕೊಂಡ ಮೇಲೆ ಪ್ರೊಫೆಸರರೊಬ್ಬರು ಓದಲೆಂದು ಆ ಬರಹವನ್ನು ಒಯ್ದು, ತಮ್ಮ ಹೆಸರಿನಲ್ಲಿ ಪುಸ್ತಕ ಮಾಡಿಕೊಂಡರು. ಈಗ ಸಿ.ಡಿ.ಗಳ ಮೇಲೂ ಧ್ವನಿಮುದ್ರಣ ಮಾಡಿದವರೆಂದು ಅವರದೇ ಹೆಸರು ಬರುವುದರಲ್ಲಿತ್ತು. ನನಗೆ ಮೈ ಉರಿಯಿತು.

ಟೇಪು ಕೇಳಿಯಾದ ಮೇಲೆ ರಿವೈಂಡ್ ಮಾಡದೆ, ಕೊನೆಯ ತುದಿ ಹೊರಗಿರುವಂತೆ ಇಡುವುದು ನಮ್ಮ ಕಸುಬಿನ ಪದ್ಧತಿ. ಅದಕ್ಕೆ 'ಟೇಲ್ ಔಟ್' ಎನ್ನುತ್ತೇವೆ. ಹಾಗಿಟ್ಟರೆ ಒಂದು ಸುತ್ತಿನ ದನಿ ಇನ್ನೊಂದಕ್ಕೆ ಅಂಟಿದರೂ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಕೇಳುವ ಮೊದಲು ರಿವೈಂಡ್ ಮಾಡಲೇಬೇಕು, ಇಲ್ಲದಿದ್ದರೆ ಮಾತು ತಲೆಕೆಳಗಾಗಿ ಕೊನೆಯಿಂದ ಮೊದಲಿಗೆ ಓಡುತ್ತದೆ. ಮರೈಕೆಯವರ ಟೇಪುಗಳೆಲ್ಲ ಹಾಗೇ ಇದ್ದವು. ಸಿ.ಡಿ. ಬಿಡುಗಡೆಯ ದಿನ ಪ್ರೊಫೆಸರ್ ತಾವೇ ಒಂದು ಟೇಪು ಹಾಕಿ ಕೇಳಿಸುವವರಿದ್ದರು.

"ನೀವು ಅವರಿಗೆ ಸಹಾಯ ಮಾಡಬೇಡಿ, ಅಷ್ಟು ಸಾಕು," ಎಂದರು, ಲ್ಯಾಬಿಗೆ ಬಂದು ನನಗೆ ಇದನ್ನೆಲ್ಲ ತಿಳಿಸಿದ ಮರೈಕೆ.

ಡೆಲ್ಫ್ಟ್‌ನ ಸಭಾಂಗಣದಲ್ಲಿ ಮೆಷಿನ್ ಜೋಡಿಸುವಾಗ ನನ್ನ ಬೆಂಗಳೂರಿನ ಸಹೋದ್ಯೋಗಿ ಇಮ್ತಿಯಾಜ್ ಪಿಸುಗುಟ್ಟಿದ: "ಲೋ, ಟೇಪ್ ಇನ್ನೂ ಟೇಲ್ ಔಟ್ ಇದೆ. ರಿವೈಂಡ್ ಮಾಡ್ಬಿಡ್ಲಾ?"

"ಮುಟ್ಬೇಡ ಕಣೋ. ಅವರೇ ರೆಕಾರ್ಡ್ ಮಾಡಿದ್ದಂತಲ್ಲ, ನೋಡ್ಕೊಳ್ಲಿ."

"ಎಲ್ಲರ ಮುಂದೆ ಮರ್ಯಾದೆ ಹೋಗತ್ತೆ."

"ಹೋಗ್ಲಿ ಅಂತಾನೇ."

ಈ ಟೇಪುಗಳನ್ನು ಎಷ್ಟು ಕಷ್ಟಪಟ್ಟು ಮುದ್ರಿಸಿದೆನೆಂದು ಬಣ್ಣಿಸಿ ಪ್ರೊಫೆಸರ್ ಗುಂಡಿ ಒತ್ತಿದರು. ಮಾತು ಹಿಂದುಮುಂದಾಗಿ ಗೊಳಗೊಳ ಎಂದಿತು. ನಿಲ್ಲಿಸಿ ಮತ್ತೆ ಒತ್ತಿದರು, ಮತ್ತೆ ಅದೇ. ಸಭೆಯಲ್ಲಿ ನಗು ಹುಟ್ಟಿತು. "ಮೆಷಿನ್ ಕೆಟ್ಟಿದೆ," ಎಂದು ನನ್ನತ್ತ ಕಣ್ಣು ಬಿಟ್ಟರು.

"ಮೆಷಿನ್ ಸರಿಯಾಗಿದೆ, ಪ್ರೊಫೆಸರ್," ಎಂದೆ. ಕೂತಲ್ಲಿಂದ ಏಳಲಿಲ್ಲ.

ಮರೈಕೆ ಎದ್ದು ಬಂದರು. ಟೇಪನ್ನು ಪೂರ್ತಿ ರಿವೈಂಡ್ ಮಾಡಿ ಹಾಕಿದರು. ಒಂದು ಕೆಮ್ಮು, ಆಮೇಲೆ ಆ ಮುದಿ ತತ್ತ್ವಜ್ಞಾನಿಯ ಜರ್ಮನ್ ದನಿ: "ಮರೈಕೆ, ರೆಕಾರ್ಡ್ ಆಗುತ್ತಿದೆಯೇ?"

"ಆಗುತ್ತಿದೆ," ಎಂದಿತು ಒಂದು ಎಳೆಯ ಹೆಣ್ಣುದನಿ.

ನಗು ನಿಂತಿತು. ಎಲ್ಲರೂ ಆಕೆಯನ್ನು ನೋಡಿದರು, ಬಳಿಕ ಪ್ರೊಫೆಸರರನ್ನು. ಅವರು ಕೈಕುಲುಕಲು ಕೈ ಚಾಚಿದರು. ಮರೈಕೆ ತಮ್ಮೆರಡೂ ಕೈಗಳನ್ನು ಮೆಷಿನ್ನಿನ ಮೇಲೆಯೇ ಇಟ್ಟುಕೊಂಡರು. ಹೊದಿಕೆ ಮತ್ತೆ ಅಚ್ಚಾಯಿತು; ಸಿ.ಡಿ.ಗಳು ಮರೈಕೆಯವರ ಹೆಸರಿನಲ್ಲಿ ಹೊರಬಂದವು.

ಅಡಚಣೆಯಾದರೆ ಓಡಿಹೋಗಿ ಸರಿಪಡಿಸುವುದೇ ಎಂಜಿನಿಯರನ ಧರ್ಮವೆಂದು ಅಲ್ಲಿಯವರೆಗೆ ನಂಬಿದ್ದೆ. ಕೆಲವೊಮ್ಮೆ ಸುಮ್ಮನೆ ಕೂತಿರುವುದೂ ಕೆಲಸವೇ ಎಂದು ಅಂದು ಕಲಿತೆ. ನಿಜ ಹೇಳುತ್ತೇನೆ, ಕೂತಷ್ಟು ಹೊತ್ತೂ ಬಹಳ ಖುಷಿಯಾಗಿತ್ತು.