ನಕ್ಷತ್ರದ ಧೂಳಿಗೆ ಜರಡಿ ಕಟ್ಟಿದವಳು

ಗೆರ್ಲಿಂಡೆ ಹೋಟ್ಸಳ ಮುತ್ತಜ್ಜ ಕ್ಯಾಸ್ಪರ್ ಬೆನ್ನ ಮೇಲೆ ನಲವತ್ತು ಜರಡಿ ಹೇರಿಕೊಂಡು ಓಡನ್‌ವಾಲ್ಡ್ ಕಾಡಿನ ಹಳ್ಳಿಹಳ್ಳಿ ತಿರುಗಿದವನು. ಮೊಣಕಾಲುದ್ದ ಹಿಮದಲ್ಲೂ ಒಂದು ಜರಡಿಗೆ ತೇವ ತಾಗಿಸಿದವನಲ್ಲ. ಅಜ್ಜಿ ಅಪೊಲೋನಿಯಾ ಕುದುರೆಕೂದಲಿನ ಒಂದರಿ, ಅಂದರೆ ಸಣ್ಣ ಕಣ್ಣಿನ ಜರಡಿ, ನೇಯ್ದವಳು. ಮೊದಲ ಮಹಾಯುದ್ಧದಲ್ಲಿ ಜನ ದನದ ಮೇವಿನ ಗೆಡ್ಡೆ ತಿಂದು ಬದುಕಿದ ಚಳಿಗಾಲ, ಊರವರ ಹೊಟ್ಟುಹಿಟ್ಟನ್ನೆಲ್ಲ ಬಿಟ್ಟಿಯಾಗಿ ಜರಡಿ ಹಿಡಿದು ಕೊಟ್ಟವಳು. ಅಪ್ಪ ವೆಂಡೆಲಿನ್ ತಂತಿ ಜರಡಿಯವನು. ತಾನು ಮಾರಿದ್ದರಲ್ಲಿ ಒಂದೆಳೆ ಸಡಿಲವೆಂದು ಅನುಮಾನ ಬಂದು, ಎರಡು ಹರದಾರಿ ನಡೆದು ಗಿರಣಿಯವನ ಕೈಯಿಂದ ಅದನ್ನು ಕಿತ್ತು ತಂದವನು. ಮೂವರದೂ ಒಂದೇ ಪರೀಕ್ಷೆ. ಎಳೆಯನ್ನು ಉಗುರಿನಿಂದ ಮೀಟಿ ಕೇಳುವುದು. ಬಿಗಿ ಎಳೆ ಹಾಡುತ್ತದೆ, ಸಡಿಲ ಎಳೆ ಗೊಣಗುತ್ತದೆ.

ಪ್ಲಾಸ್ಟಿಕ್ ಬಂದು ಜರಡಿಯ ಕಸುಬು ಮುಳುಗಿದಾಗ ಗೆರ್ಲಿಂಡೆ ನೆಕರ್ ಹೊಳೆಯ ದಂಡೆಯ ನಮ್ಮೂರಿಗೆ ಬಂದು, ಬೆಟ್ಟದ ಮೇಲಿನ ಸಂಶೋಧನಾ ಸಂಸ್ಥೆಯ ಉಪಕರಣ ಮಾಡುವ ಕಮ್ಮಟ ಸೇರಿದಳು. ಅವಳ ಮೇಜಿನ ಪಕ್ಕದಲ್ಲೇ ಲೋಹ ಕಡೆಯುವ ನನ್ನ ಯಂತ್ರ, ಲೇತ್. ಇಪ್ಪತ್ತೆಂಟು ವರ್ಷ ಹಾಗೇ ಕಳೆದೆವು. ಅವಳು ತಂತಿ ಮೀಟುವ ಮೊದಲು ಒಂದು ಬೆರಳೆತ್ತುತ್ತಿದ್ದಳು. ಸದ್ದಡಗಲೆಂದು ನಾನು ಲೇತ್ ನಿಲ್ಲಿಸುತ್ತಿದ್ದೆ.

ನಾನು ಎಂಟನೇ ತರಗತಿಯವರೆಗೆ ಓದಿದವನು, ಉಳಿದದ್ದನ್ನು ಕಬ್ಬಿಣ ಕಲಿಸಿತು. ಅದಕ್ಕೇ ನಾವು ಹಿಡಿಯಹೊರಟ ಆಕಾಶದ ಧೂಳಿನ ವಿಷಯ ನನಗೆ ತಿಳಿದಷ್ಟನ್ನು ನೆಟ್ಟಗೆ ಹೇಳುತ್ತೇನೆ, ಪಂಡಿತರು ಮುನಿದರೆ ಮುನಿಯಲಿ. ನಾವು ಮಾಡುತ್ತಿದ್ದದ್ದು ಚಿನ್ನ ಲೇಪಿಸಿದ ಒಂದು ಬೋಗುಣಿ. ಅದನ್ನು ಬಾಹ್ಯಾಕಾಶ ನೌಕೆಗೆ ಕಟ್ಟಿ ಗುರುಗ್ರಹದಾಚೆಗೆ ಕಳಿಸುತ್ತಾರೆ. ಬೋಗುಣಿಯ ಬಾಯಿಗೆ ಕೂದಲಿಗಿಂತ ತೆಳುವಾದ ತಂತಿಗಳ ಬಲೆ. ಧೂಳಿನ ಕಣ ಬಲೆ ದಾಟುವಾಗ ಅದರ ಮೈಮೇಲಿನ ವಿದ್ಯುತ್ತು ತಂತಿಗೆ ತಿಳಿಯುತ್ತದೆ, ಬೋಗುಣಿಗೆ ಬಡಿದಾಗ ಸಿಡಿದು ಆವಿಯಾಗುತ್ತದೆ. ಎರಡೂ ಸುದ್ದಿ ಭೂಮಿಗೆ ಬರುತ್ತವೆ. ಆಕಾಶದ ಧೂಳಿನಲ್ಲಿ ಹೆಚ್ಚಿನದು ನಮ್ಮ ಮನೆಯದೇ, ಧೂಮಕೇತು ಉದುರಿಸಿದ್ದು. ಅದು ಗಾಣದೆತ್ತಿನ ಹಾಗೆ ಸೂರ್ಯನ ಸುತ್ತ ಒಂದೇ ಕಡೆಗೆ ತಿರುಗುತ್ತದೆ. ಆದರೆ ಸತ್ತ ನಕ್ಷತ್ರಗಳ ಧೂಳೂ ಇದೆ. ಅದು ಹೊರಗಿನಿಂದ, ಸದಾ ಒಂದೇ ದಿಕ್ಕಿನಿಂದ, ಗಾಳಿಯಂತೆ ನುಗ್ಗಿ ನಮ್ಮನ್ನು ಹಾದು ಹೋಗುತ್ತದೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಕಣ ಸಿಕ್ಕರೂ ಹಬ್ಬ. ಬಲೆಯಲ್ಲಿ ಒಂದು ತಂತಿ ಸಡಿಲವಿದ್ದರೆ ಅದು ತಾನೇ ನಡುಗಿ, ಬಾರದ ನೆಂಟನನ್ನು ಬಂದನೆಂದು ಸುಳ್ಳು ಹೇಳುತ್ತದೆ.

ಗೆರ್ಲಿಂಡೆ ಕಟ್ಟಿದ ಮೊದಲ ಬಲೆಗೆ ಆ ಹೊರಗಿನ ಕಣಗಳು ಸಿಕ್ಕಿದ ದಿನ ಡಾಕ್ಟರ್ ರೋಸ್ವಿತಾ ಕಾಗದ ಹಿಡಿದು ಕಮ್ಮಟಕ್ಕೆ ಓಡಿ ಬಂದರು. ಧೂಳಿನ ಲೆಕ್ಕಾಚಾರವೆಲ್ಲ ಅವರದು.

"ಫ್ರಾವ್ ಹೋಟ್ಸ್, ನಿಮ್ಮ ಜರಡಿಗೆ ಹೊರಗಿನವರು ಬಂದ್ರು!"

"ಬರಲಿ ಬಿಡಿ ಡಾಕ್ಟರಮ್ಮ, ಕಾಲೊರೆಸ್ಕೊಂಡು ಬರೋಕೆ ಹೇಳಿ" ಅಂದಳು ಗೆರ್ಲಿಂಡೆ. ಆದರೆ ಅವಳ ಕಿವಿ ಕೆಂಪಾಗಿತ್ತು, ಸಂತೋಷಕ್ಕೆ.

ಎರಡನೆಯ ಬಲೆಯ ಹೊತ್ತಿಗೆ ಅವಳಿಗೆ ಅರವತ್ತು ಹತ್ತಿರ. ಇನ್ನೂರ ನಲವತ್ತು ತಂತಿ, ಆರು ವಾರದ ಕೆಲಸ. ಮೀಟುವಾಗ ತಲೆ ತೀರ ಕೆಳಗೆ ಬಾಗಿಸುತ್ತಿದ್ದಳು. ನನ್ನ ಹಾಸ್ಯಕ್ಕೆ ಒಂದು ಗಳಿಗೆ ತಡವಾಗಿ ನಗುತ್ತಿದ್ದಳು. ನನಗೆ ಕಂಡಿತ್ತು, ಕಾಣದವನಂತಿದ್ದೆ. ನನ್ನ ಲೇತಿನ ಸದ್ದೇ ಅವಳ ಕಿವಿ ತಿಂದಿತೋ ಏನೋ ಎಂಬ ಅಳುಕು ನನಗಿತ್ತು.

ಬಲೆ ಮುಗಿಯಿತು. ಅಲುಗಾಡಿಸಿ ನೋಡುವ ಪರೀಕ್ಷೆಯಲ್ಲಿ ಒಂದೆಳೆಯೂ ಹರಿಯಲಿಲ್ಲ. ಪೆಟ್ಟಿಗೆಗೆ ತುಂಬುವ ದಿನ ಬೆಳಿಗ್ಗೆ ಅವಳು ಕೊನೆಯ ಸಲ ಬೆರಳೆತ್ತಿದಳು. ಲೇತ್ ನಿಲ್ಲಿಸಿದೆ. ಒಂದು ಅಂಚಿನಿಂದ ಮೀಟುತ್ತ ಬಂದಳು. ನಡುವಿನ ಒಂದು ತಂತಿ ಗೊಣಗಿತು. ಜರಡಿಯವರ ಕಿವಿಯಿಲ್ಲದ ನನಗೂ ಕೇಳಿತು. ಗೆರ್ಲಿಂಡೆ ಮುಂದಿನದಕ್ಕೆ ಹೋದಳು. ನಾನು ಬಾಯಿ ಬಿಡಲಿಲ್ಲ.

ನಾಲ್ಕು ತಂತಿ ದಾಟಿ ಅವಳು ತಲೆಯೆತ್ತಿದಳು. "ಯಾವುದು?"

"ಏನು ಯಾವುದು?"

"ನಾಟಕ ಆಡ್ಬೇಡ ಅಲೋಯ್ಸ್. ನಿನ್ನ ಮೋರೆ ಕೊಳೆತ ಎಲೆಕೋಸು ಮೂಸಿದವನ ಹಾಗಾಗಿದೆ. ಯಾವ ತಂತಿ?"

ತೋರಿಸಿದೆ. ಕಿವಿಯನ್ನು ಅದಕ್ಕೆ ಆನಿಸುವಷ್ಟು ಬಗ್ಗಿ ಮೀಟಿದಳು. ಮತ್ತೆ ಮೀಟಿದಳು. ಪಕ್ಕದ ಬಿಗಿ ತಂತಿ ಮೀಟಿದಳು. ಅವಳಿಗೆ ಎರಡೂ ಒಂದೇ. ಆಮೇಲೆ ಕತ್ತರಿ ತೆಗೆದು, ತುದಿಯಿಂದ ಒಂದೊಂದೇ ತಂತಿ ಕತ್ತರಿಸತೊಡಗಿದಳು.

ಡಾಕ್ಟರ್ ರೋಸ್ವಿತಾ ಬಂದಾಗ ಅರ್ಧ ಬಲೆ ನೆಲದ ಮೇಲಿತ್ತು.

"ಅಯ್ಯೋ ಫ್ರಾವ್ ಹೋಟ್ಸ್! ಪರೀಕ್ಷೆ ಪಾಸಾಗಿತ್ತಲ್ಲ! ಒಂದು ತಂತಿ ಬದಲಾಯಿಸಿದ್ರೆ ಸಾಕಿತ್ತು!"

"ಒಂದು ಗೊತ್ತಾಯ್ತು. ಗೊತ್ತಾಗದೆ ಇರೋದು ಎಷ್ಟು? ನಂಗೆ ಯಾವತ್ತಿನಿಂದ ಕೇಳ್ತಿಲ್ಲ ಅನ್ನೋದೇ ನಂಗೆ ಗೊತ್ತಿಲ್ಲ ತಾಯಿ. ಅಷ್ಟು ದೂರ ಹೋಗಿ ಅದು ಸುಳ್ಳು ಹೇಳಿದ್ರೆ ಬಿಗಿ ಮಾಡೋಕೆ ಯಾರು ಹೋಗ್ತಾರೆ?"

"ಬಿಗಿ ಅಳೆಯೋ ಯಂತ್ರ ತರಿಸ್ತೀನಿ. ಕೈ ನಿಮ್ಮದೇ ಇರಲಿ."

"ಕೇಳೋದು ಯಂತ್ರ ಆದ್ಮೇಲೆ ಯಾರ ಕೈಯಾದ್ರೇನು? ಎಳೇ ಕೈಯವರನ್ನ ಕೂರಿಸಿ."

ಹಾಗೇ ಆಯಿತು. ಆ ಬಲೆಯನ್ನು ಯಂತ್ರವಿಟ್ಟುಕೊಂಡು ಬೇರೆಯವರು ಕಟ್ಟಿದರು, ಅದು ಚೆನ್ನಾಗಿಯೇ ಕೆಲಸ ಮಾಡಿತು. ಅವಳು ಮತ್ತೆ ತಂತಿ ಮುಟ್ಟಲಿಲ್ಲ.

ಬಲೆ ಕತ್ತರಿಸಿದ ದಿನವೇ ಮಧ್ಯಾಹ್ನ ಅವಳು ಚಿಮಟ, ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಬಾಯಿ ನೋಡಿ ತಿಳಿಯಲೆಂದು ನಿಧಾನವಾಗಿ ಹೇಳಿದೆ. "ಗೆರ್ಲಿಂಡೆ, ನೀನು ಮೀಟು. ಕೇಳೋದು ನಂಗಿರಲಿ. ನಿವೃತ್ತಿಯಾಗೋವರೆಗೂ ಇಲ್ಲೇ ಕೂತಿರ್ತೀನಿ. ಯಾರಿಗೂ ಹೇಳೋದು ಬೇಡ."

ಅವಳು ಗಂಟು ಬಿಗಿದು ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆಯಾಗಿತ್ತು, ದನಿ ಅಲ್ಲಾಡಲಿಲ್ಲ.

"ಬೇಡ ಅಲೋಯ್ಸ್. ನೀನು ಒಳ್ಳೇವನು, ನಿಂಗೆ ನನ್ನ ಮೇಲೆ ಮರುಕ. ಮರುಕ ಇರೋ ಕಿವಿಗೆ ಸಡಿಲ ತಂತೀನೂ ಬಿಗಿಯಾಗೇ ಕೇಳುತ್ತೆ. ಬೆಳಿಗ್ಗೆ ನಾನಾಗಿ ಕೇಳದಿದ್ರೆ ನೀನು ಹೇಳ್ತಾನೇ ಇರ್ಲಿಲ್ಲ."